ಅಗಲಿದ ಗೆಳತಿಗೆ ಭಜನೆಯ ಇರುಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಲಿಂಗಾಯತರಲ್ಲಿ, ಮಠದ ಭಜನೆಗೆ ಜೊತೆಯಾಗಿದ್ದ ಹಿರಿಯ ಗೆಳತಿಯೊಬ್ಬರು ಲಿಂಗೈಕ್ಯರಾದಾಗ, ಅಂದರೆ ಅವರ ಜೀವ ಶಿವನಲ್ಲಿ ಬೆರೆಯಿತೆಂದು ಬಗೆದಾಗ, ದೇಹವನ್ನು ಕುಳಿತ ಭಂಗಿಯಲ್ಲಿರಿಸಿ ಅದರ ಮುಂದೆ ಭಜನೆ ಹಾಡುವ ರೂಢಿ ಉಂಟು. ದುಃಖಕ್ಕೆ ಇಷ್ಟು ಘನತೆ ತರುವ ಕಲೆ ಅಪರೂಪ. ಹಾಡುವುದು ಹೆಚ್ಚಾಗಿ ತತ್ವಪದಗಳನ್ನು, ಎಂದರೆ ದೇಹ, ಗುರು, ಸಾವುಗಳ ಕುರಿತ ಅನುಭಾವವನ್ನು ಆಡುಮಾತಿನಲ್ಲಿ ಹೇಳುವ ಪದಗಳನ್ನು. ಶಿಶುನಾಳ ಶರೀಫರು (1819–1889), ಕಡಕೋಳ ಮಡಿವಾಳಪ್ಪನವರು ಇಂಥವುಗಳ ಕರ್ತೃಗಳು. ಒಬ್ಬರು ಎತ್ತಿದ ಸಾಲನ್ನು ಉಳಿದವರು ತಾಳದೊಡನೆ, ಒಂದೇ ಮಗ್ಗುಲಿಗೆ ಚರ್ಮ ಬಿಗಿದ ದಮ್ಮಡಿಯೊಡನೆ ಮರಳಿ ಹಾಡುವುದರಿಂದ, ಅಳುವಿನಿಂದ ಬಿಗಿದ ಕೊರಳು ನಿಂತಲ್ಲಿ ಪಕ್ಕದ ಕೊರಳು ಪದವನ್ನು ಮುಂದೊಯ್ಯುತ್ತದೆ. ಅಗಲಿದವರು ಮೆಚ್ಚಿದ್ದ ಪದವನ್ನು ಅವರ ದನಿಯಿಲ್ಲದೆಯೂ ಕೊನೆಮುಟ್ಟಿಸಲು ಗೆಳತಿಯರಿಗೆ ಸಾಧ್ಯವಾಗುವುದು ಈ ಕಟ್ಟಿನಿಂದಲೇ.