ಉಪಾಹಾರಗೃಹದ ಕವಿಗೋಷ್ಠಿ ಮತ್ತು ಗಡಿನಾಡಿನ ಕವಿತೆ

ಕವಿಗೂ ಕೇಳುಗನಿಗೂ ನಡುವೆ ಎಷ್ಟು ದೂರವಿರಬೇಕು? ಕವಿಸಮ್ಮೇಳನದ ವೇದಿಕೆಯಲ್ಲಿ ಈ ದೂರವನ್ನು ಹಾರ, ಶಾಲು, ಧ್ವನಿವರ್ಧಕಗಳು ಗೊತ್ತುಮಾಡುತ್ತವೆ. ಕಾಫಿಮಂದಿರದಲ್ಲಿಯಾದರೋ ಅದು ಒಂದು ಮೇಜಿನ ಅಗಲ ಮಾತ್ರ. ಈ ದೂರ ಬದಲಾದರೆ ಕವಿತೆಯ ಗುಣವೂ ಬದಲಾಗುವುದೆಂದು ನಾವು ಭಾವಿಸುತ್ತೇವೆ. ಆದವಾನಿ ಸೀಮೆಯ ಕನ್ನಡ ಕವಿತೆಯನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಾಫಿಯ ಬಳಕೆಯನ್ನು ಹೆಚ್ಚಿಸಲೆಂದು 1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕಾಫಿ ಹೌಸುಗಳು, ಮುಂದೆ ಮುಚ್ಚುವ ಸ್ಥಿತಿಗೆ ಬಂದಾಗ ಕೆಲಸಗಾರರ ಸಹಕಾರ ಸಂಘಗಳ ಕೈಗೆ ಬಂದವು. ಅಂತಹ ಮೊದಲ ಸಂಘ 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಗೋಪಾಲಕೃಷ್ಣ ಅಡಿಗರು ಮೈಸೂರಿನಲ್ಲಿ ಅಧ್ಯಾಪಕರಾಗಿದ್ದ ವರ್ಷಗಳಲ್ಲಿ ಅಲ್ಲಿಯ ಕಾಫಿ ಹೌಸಿನಲ್ಲಿ ನಡೆಯುತ್ತಿದ್ದ ಮಾತುಕತೆಯನ್ನು ಯು. ಆರ್. ಅನಂತಮೂರ್ತಿಯವರು ನೆನೆದಿದ್ದಾರೆ. ‘ಚಂಡೆಮದ್ದಳೆ’ (1954), ‘ಭೂಮಿಗೀತ’ (1959) ಎರಡೂ ಆ ಕಾಲದವು. ಧಾರವಾಡದ ಗೆಳೆಯರ ಗುಂಪು, ಮನೋಹರ ಗ್ರಂಥಮಾಲೆಯ ಅಟ್ಟ, ಇವುಗಳ ಸ್ವಭಾವವೂ ಇಂತಹದೇ. ಇಲ್ಲೆಲ್ಲ ಕವಿತೆ ಹೊಗಳಿಕೆಗಾಗಿ ಅಲ್ಲ, ವಾದಕ್ಕಾಗಿ ಮುಂದೆ ಬರುತ್ತಿತ್ತು.

ಪೆದ್ದಕಡುಬೂರಿನಂತಹ ಊರಿನಲ್ಲಿ ಇಂತಹ ಮಂದಿರವನ್ನು ನಿರೀಕ್ಷಿಸಲಾಗದು. ನಮ್ಮ ಸೀಮೆಯಲ್ಲಿ ಕಾಫಿಗಿಂತ ಚಹಾ ಹೆಚ್ಚು. ಅದರ ಜೊತೆಗೆ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ಆದರೆ ಕಾವ್ಯವನ್ನು ಕೂಡಿ ಕುಳಿತು ಕೇಳುವುದು ನಮಗೆ ಹೊಸದಲ್ಲ. ವಿಜಯದಾಸರು 1755ರಲ್ಲಿ ದೇಹವಿಟ್ಟ ಚಿಪ್ಪಗಿರಿ ಇದೇ ಕರ್ನೂಲು ಜಿಲ್ಲೆಯದು. ಅವರ ಸುಳಾದಿಗಳು ಜನರನ್ನು ಮುಟ್ಟಿದ್ದು ಕಿವಿಯ ಮೂಲಕ, ಓಲೆಯ ಮೂಲಕವಲ್ಲ. ಬಳ್ಳಾರಿಯ ಮಗ್ಗುಲಿನ ಜೋಳದರಾಶಿ ದೊಡ್ಡನಗೌಡರು ಗಮಕದಿಂದ ಹಳೆಯ ಕಾವ್ಯವನ್ನು ಹಳ್ಳಿಯ ಕಿವಿಗೆ ತಲುಪಿಸಿದರು. ಕಟ್ಟೆಯ ಮೇಲೆ ನಡೆಯುತ್ತಿದ್ದುದು ಈಗ ಹೋಟೆಲಿನ ಬೆಂಚಿಗೆ ಬಂದರೆ ಅದು ಅಧೋಗತಿಯೇನೂ ಅಲ್ಲ.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಬಳ್ಳಾರಿಯಲ್ಲಿ 1926ರಲ್ಲಿಯೂ 1938ರಲ್ಲಿಯೂ ಸಾಹಿತ್ಯ ಸಮ್ಮೇಳನ ಸೇರಿದಾಗ ಅದು ನಮ್ಮ ಜಿಲ್ಲಾಕೇಂದ್ರದ ಹಬ್ಬ. 1958ರಲ್ಲಿ ಸೇರಿದಾಗ ಗಡಿಯಾಚೆಯದು. ಅಂದಿನಿಂದ ಇಲ್ಲಿಯ ಕವಿತೆಗೆ ಗಡಿಯೇ ಮುಖ್ಯ ವಸ್ತುವಾಯಿತು. ಇದು ಸಹಜವೇ ಸರಿ. ಆದರೆ ಸಹಜವಾದುದೆಲ್ಲ ಕಾವ್ಯವಾಗುವುದೆ?

ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಭಾವಕರನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ಯಾವುದೂ ರುಚಿಸದವನು ಅರೋಚಕಿ; ಅನ್ನದೊಡನೆ ಹುಲ್ಲನ್ನೂ ನುಂಗುವವನು ಸತೃಣಾಭ್ಯವಹಾರಿ; ಪರರ ಗುಣವನ್ನು ಸಹಿಸದವನು ಮತ್ಸರಿ; ತಿರುಳನ್ನು ಅರಸುವವನು ತತ್ತ್ವಾಭಿನಿವೇಶಿ. ಗಡಿನಾಡಿನ ವೇದಿಕೆಗಳನ್ನು ಕಾಡುತ್ತಿರುವ ರೋಗ ಎರಡನೆಯದು. ಇಲ್ಲಿ ಕನ್ನಡದಲ್ಲಿ ಬರೆಯುವುದೇ ಒಂದು ಪುಣ್ಯಕಾರ್ಯವಾಗಿರುವುದರಿಂದ ಏನು ಬರೆದಿದೆಯೆಂದು ಯಾರೂ ಕೇಳುವುದಿಲ್ಲ. ತಾಯಿ ಭುವನೇಶ್ವರಿ, ತುಂಗಭದ್ರೆ, ಹರಿದುಹೋದ ನಾಡು, ಕೊನೆಯಲ್ಲಿ ಜಯಘೋಷ, ಚಪ್ಪಾಳೆ ತಪ್ಪದು. ಊರಿನ ಹೆಸರೊಂದನ್ನು ಬದಲಾಯಿಸಿದರೆ ಅದೇ ಪದ್ಯ ಕಾಸರಗೋಡಿಗೂ ಸಲ್ಲುತ್ತದೆ, ಸೊಲ್ಲಾಪುರಕ್ಕೂ ಸಲ್ಲುತ್ತದೆ. ಎಲ್ಲ ಊರಿಗೂ ಸಲ್ಲುವ ಇಂತಹ ಪದ್ಯ ಯಾವ ಊರಿನದೂ ಅಲ್ಲ.

ಹಾಗಾದರೆ ಪೆದ್ದಕಡುಬೂರಿನಲ್ಲಿಯೇ ಹುಟ್ಟಬೇಕಾದ ಕವಿತೆ ಯಾವುದು? ಮಳೆಯನ್ನೇ ನಂಬಿದ ಈ ಕಡೆಯ ಹಳ್ಳಿಗಳಿಂದ ಪ್ರತಿವರ್ಷ ಸಂಸಾರಗಳು ಮನೆಗೆ ಬೀಗ ಹಾಕಿ ಗುಂಟೂರಿನ ಹತ್ತಿ, ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಕೂಗಿದರೆ ಓಗೊಡುವವರಿಲ್ಲ. ಆ ಮೌನವನ್ನು ಉಪಾಧ್ಯಾಯರಾದ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಕನ್ನಡ ಶಾಲೆಯ ಹುಡುಗ ಮೂರು ತಿಂಗಳು ಗುಂಟೂರಿನ ಹೊಲದಲ್ಲಿದ್ದು ಮರಳಿದಾಗ ಯಾವ ಭಾಷೆಯಲ್ಲಿ ಕನಸು ಕಾಣುತ್ತಾನೆ? ಭಾಷೆಯ ಅಳಿವು ಉಳಿವಿನ ಪ್ರಶ್ನೆ ಭುವನೇಶ್ವರಿಯ ಸ್ತುತಿಗಿಂತ ಇಲ್ಲಿ ಹೆಚ್ಚು ನಿಜವಾಗಿದೆ. ನಮ್ಮ ಪದ್ಯಗಳು ಇದನ್ನು ಮುಟ್ಟುವುದು ಅಪರೂಪ.

ನುಡಿಯ ವಿಷಯವೂ ಹೀಗೆಯೇ. ಮನೆಯಲ್ಲಿ ನಾವಾಡುವುದು ತೆಲುಗು ಬೆರೆತ ಕನ್ನಡ. ಬರೆಯುವುದು ಪಠ್ಯಪುಸ್ತಕದ ಕನ್ನಡ. ವೇದಿಕೆಯಲ್ಲಿ ಈ ವೇಷ ನಡೆಯುತ್ತದೆ. ಹೋಟೆಲಿನಲ್ಲಿ ಎದುರಿಗೆ ಕುಳಿತ ಹತ್ತಿ ಮಾರಲು ಬಂದ ರೈತನ ಮುಂದೆ ನಡೆಯದು. ಪದ್ಯದಲ್ಲಿ ಎಲ್ಲಿ ಸುಳ್ಳು ಹೊಕ್ಕಿತೋ ಅಲ್ಲಿ ಅವನ ಗಮನ ಲೋಟದ ಕಡೆಗೆ ತಿರುಗುತ್ತದೆ. ಆ ಗಮನಭಂಗವೇ ಮೊದಲ ವಿಮರ್ಶೆ. ಶಾಸ್ತ್ರವನ್ನು ಕಲಿಯದವರಲ್ಲಿಯೂ ಕಾವ್ಯದ ಅರಿವುಂಟೆಂದು ಕವಿರಾಜಮಾರ್ಗಕಾರನು ಕನ್ನಡಿಗರನ್ನು ಕುರಿತು ಹೇಳಿದುದು ಇಂತಹ ಕೇಳುಗನನ್ನು ಕಂಡೇ ಇರಬೇಕು.

ಹಾಗೆಂದು ಉಪಾಹಾರಗೃಹವನ್ನು ವಿದ್ವತ್ಸಭೆಯೆಂದು ಕೊಂಡಾಡುವುದು ನಮ್ಮ ಮತವಲ್ಲ. ಗದ್ದಲದ ನಡುವೆ ಗೆಲ್ಲುವುದು ಚುಟುಕ, ನಗೆಮಾತು. ಅಡಿಗರ ಕವಿತೆಯನ್ನು ಒಮ್ಮೆ ಕೇಳಿ ಎದ್ದುಹೋದರೆ ದಕ್ಕುವುದಿಲ್ಲ. ಅದು ಎರಡನೆಯ, ಮೂರನೆಯ ಓದನ್ನು ಬೇಡುತ್ತದೆ. ಗೆಳೆಯರೇ ಕೇಳುಗರಾದಾಗ ದಾಕ್ಷಿಣ್ಯವೂ ಬರುತ್ತದೆ, ಮತ್ಸರವೂ ಬರುತ್ತದೆ. ಆದ್ದರಿಂದ ಕೆಲವು ಕಟ್ಟಳೆಗಳು ಬೇಕು. ಒಂದು ಕೂಟದಲ್ಲಿ ಇಬ್ಬರು ಕವಿಗಳು ಸಾಕು. ಪ್ರತಿಯೊಂದು ಕವಿತೆಯನ್ನೂ ಎರಡು ಸಲ ಓದಲಿ. ಬರೆಹದ ಪ್ರತಿ ಕೇಳುಗರ ಕೈಯಲ್ಲಿರಲಿ. ಮೊದಲ ಮಾತು ಪದ್ಯ ಬರೆಯದವನದಾಗಲಿ. ಹಾರ, ಶಾಲು ಬೇಡ. ಚಹಾದ ಹಣವನ್ನು ಅವರವರೇ ಕೊಡಲಿ. ತೆಲುಗು ಬಲ್ಲ ಮಿತ್ರರನ್ನೂ ಕರೆಯೋಣ. ಅವಧಾನಗಳನ್ನು ಕೇಳಿ ಪಳಗಿದ ಅವರ ಕಿವಿ ನಮ್ಮ ಲಯದೋಷವನ್ನು ನಮಗಿಂತ ಬೇಗ ಹಿಡಿಯುವ ಸಂಭವವುಂಟು.

ವೇದಿಕೆಯ ಸಮ್ಮೇಳನಗಳು ನಡೆಯುತ್ತಿರಲಿ. ಭಾಷೆಯ ಹಕ್ಕನ್ನು ಕೇಳಲು ಅವು ಬೇಕು. ಆದರೆ ಹಕ್ಕನ್ನು ಕೇಳುವ ಕನ್ನಡದಲ್ಲಿ ನಮ್ಮ ಬದುಕೂ ತುಂಬಿರಬೇಕಷ್ಟೆ. ಗುಳೆಯಿಂದ ಮರಳಿದ ಹುಡುಗನು ತನ್ನ ಪದ್ಯಪುಸ್ತಕದ ಜೊತೆಗೆ ತನ್ನ ಊರಿನವರೇ ಬರೆದ, ತನ್ನ ಮನೆಯ ಬೀಗವನ್ನು ಕಂಡ ಒಂದು ಪದ್ಯವನ್ನು ಓದುವಂತಾದರೆ ಕನ್ನಡ ಅವನಿಗೆ ಬರಿಯ ಪರೀಕ್ಷೆಯ ವಿಷಯವಾಗಿ ಉಳಿಯಲಾರದು. ಅಂತಹ ಪದ್ಯವನ್ನು ಬರೆಯುವ ಹೊಣೆ ಆ ಹಾಜರಿಯನ್ನು ಕೂಗುವ ನಮ್ಮದೇ.