ಬಿ ಖಾತೆಯ ಸ್ವಾತಂತ್ರ್ಯ

ಸರ್ಕಾರ ಬದಿಗೆ ಸರಿದಷ್ಟೂ ವ್ಯಕ್ತಿಗೆ ಸ್ವಾತಂತ್ರ್ಯ ಹೆಚ್ಚು ಎಂಬ ಲಿಬರ್ಟೇರಿಯನ್ ವಾದಕ್ಕೆ ಬೆಂಗಳೂರಿನ ಉತ್ತರಹಳ್ಳಿಯಂಥ ಬಡಾವಣೆಗಳನ್ನು ಸಾಕ್ಷಿಯಾಗಿ ಮುಂದಿಡುವವರಿದ್ದಾರೆ. ಜಯನಗರಕ್ಕೆ ನಕ್ಷೆ ಹಾಕಿದ್ದು ಸರ್ಕಾರ. ಉತ್ತರಹಳ್ಳಿಯ ಬಹುಭಾಗ ಬೆಳೆದದ್ದು ಜಮೀನು ಮಾರಿದ ರೈತ, ಮಧ್ಯವರ್ತಿ, ಸೈಟು ಕೊಂಡವರ ಒಪ್ಪಂದದಿಂದ. ಯೋಜನಾವಾದಿಗಳು ಇದೇ ಸಾಕ್ಷಿಯನ್ನು ತಿರುಗಿಸಿ ಹಿಡಿಯುತ್ತಾರೆ: ಸರ್ಕಾರದ ಹಿಡಿತ ಇಲ್ಲದ್ದರಿಂದಲೇ ಇಕ್ಕಟ್ಟಿನ ರಸ್ತೆ, ಟ್ಯಾಂಕರ್ ನೀರು. ಸರ್ಕಾರ ಅಲ್ಲಿ ಇರಲಿಲ್ಲ ಎಂಬುದನ್ನು ಇಬ್ಬರೂ ಒಪ್ಪಿಬಿಟ್ಟಿದ್ದಾರೆ. ನನ್ನ ತಕರಾರು ಇರುವುದೇ ಅದರ ಮೇಲೆ.

ಲಿಬರ್ಟೇರಿಯನ್ನರ ದೂರಿನಲ್ಲಿ ಹುರುಳಿದೆ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಾಯ್ದೆಯ 32ನೇ ಕಲಂ ಪ್ರಕಾರ ಪ್ರಾಧಿಕಾರದ ಅನುಮತಿಯಿಲ್ಲದೆ ಯಾರೂ ಬಡಾವಣೆ ಮಾಡುವಂತಿಲ್ಲ. ಜಮೀನಿನ ಮೇಲೆ ಒಮ್ಮೆ ಭೂಸ್ವಾಧೀನದ ಅಧಿಸೂಚನೆ ಬಿತ್ತೆಂದರೆ ರೈತನಿಗೆ ಎಷ್ಟೋ ಸಲ ಅತ್ತ ಪರಿಹಾರವೂ ಇಲ್ಲ, ಇತ್ತ ಮಾರುವ ಹಾದಿಯೂ ಇಲ್ಲ. 1978ರ 44ನೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿನಿಂದಲೇ ತೆಗೆಯಿತು. ಬಿಡಿಎ ಸೈಟಿಗೆ ಕಾದು ಕೂರಲಾಗದ ಗುಮಾಸ್ತ, ಚಾಲಕ, ಗಾರ್ಮೆಂಟ್ಸ್ ಕೆಲಸಗಾರ ಬಡಾವಣೆಯ ಅನುಮತಿಯಿಲ್ಲದ ಜಮೀನಿನಲ್ಲಿ ಇಪ್ಪತ್ತು-ಮೂವತ್ತರ ರೆವಿನ್ಯೂ ಸೈಟು ಕೊಂಡರೆ ಅದನ್ನು ಅತಿಕ್ರಮಣದ ಸಾಲಿಗೆ ಸೇರಿಸುವ ನಮ್ಮ ಪ್ರಗತಿಪರ ವಿಮರ್ಶೆ ಮನೆ ಬೇಕಾದವನ ಕಡೆಗೆ ನೋಡುವುದೇ ಇಲ್ಲ.

ಆದರೆ ಆ ಸೈಟಿನ ಕಾಗದಪತ್ರಗಳನ್ನು ಬಿಡಿಸಿ ನೋಡಿ. ಮುದ್ರಾಂಕ ಶುಲ್ಕ ಕಟ್ಟಿಸಿಕೊಂಡು ಉಪನೋಂದಣಾಧಿಕಾರಿ ನೋಂದಾಯಿಸಿದ ಕ್ರಯಪತ್ರ. ವರ್ಷವರ್ಷವೂ ಕಟ್ಟಿದ ಕಂದಾಯದ ರಸೀದಿ. ಖಾತೆ ಮಾತ್ರ ಅನಧಿಕೃತ ಆಸ್ತಿಗಳಿಗೆಂದು ಇಟ್ಟ ಬಿ ವಹಿಯಲ್ಲಿ. ಈ ವಹಿಗೆ ಆಧಾರವಾಗಿದ್ದ ನಗರಪಾಲಿಕೆ ಕಾಯ್ದೆಯ 108ಎ ಕಲಂ ಅನಧಿಕೃತ ಕಟ್ಟಡದಿಂದಲೂ ತೆರಿಗೆ ವಸೂಲಿ ಮಾಡಬಹುದು ಎನ್ನುತ್ತಿತ್ತು, ಹಾಗೆ ತೆರಿಗೆ ಕಟ್ಟಿದ್ದರಿಂದ ಸಕ್ರಮದ ಹಕ್ಕು ಹುಟ್ಟುವುದಿಲ್ಲ ಎಂದೂ ಸೇರಿಸುತ್ತಿತ್ತು. ನಕ್ಷೆ ಮಂಜೂರಾಗದು, ದೊಡ್ಡ ಬ್ಯಾಂಕುಗಳಲ್ಲಿ ಸಾಲ ಸುಲಭಕ್ಕೆ ಹುಟ್ಟದು. ನಕ್ಷೆಯಿಲ್ಲದೆ ಮನೆ ಕಟ್ಟಿದವನು ಅಂದಿನಿಂದ ಬಾಗಿಲಿಗೆ ಬಂದ ಪ್ರತಿ ಅಧಿಕಾರಿಯ ಮರ್ಜಿಯಲ್ಲಿ ಬದುಕಬೇಕು. ಸರ್ಕಾರ ಇಲ್ಲಿ ಹಣ ಪಡೆಯಲು ಹಾಜರಿದೆ, ಮಾತು ಕೊಡಲು ಗೈರುಹಾಜರಾಗಿದೆ. ವ್ಯಕ್ತಿಯನ್ನು ಅಂಕೆಯಲ್ಲಿಡಲು ಪೂರ್ಣ ಮಾನ್ಯತೆಗಿಂತ, ಪೂರ್ಣ ನಿಷೇಧಕ್ಕಿಂತ ಈ ಅರ್ಧ ಮಾನ್ಯತೆ ಹೆಚ್ಚು ಪರಿಣಾಮಕಾರಿ.

ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ 1944ರ ‘ದಿ ರೋಡ್ ಟು ಸರ್ಫ್‌ಡಮ್’ನಲ್ಲಿ ಒತ್ತಿ ಹೇಳಿದ್ದು ಇದನ್ನೇ: ನಿಯಮ ಮೊದಲೇ ಗೊತ್ತಿರಬೇಕು, ಪ್ರಜೆ ಅದನ್ನು ನಂಬಿ ತನ್ನ ಬದುಕನ್ನು ಯೋಜಿಸಿಕೊಳ್ಳುವಂತಿರಬೇಕು. ನಮ್ಮ ಲಿಬರ್ಟೇರಿಯನ್ನರು ಆತನನ್ನು ತೆರಿಗೆ, ಲೈಸೆನ್ಸುಗಳ ಚರ್ಚೆಗೆ ಮಾತ್ರ ಕರೆತರುತ್ತಾರೆ. ಅನಧಿಕೃತ ಕಟ್ಟಡಗಳನ್ನು ಸಕ್ರಮಗೊಳಿಸಲು 2007ರಲ್ಲಿ ಚಾಲನೆ ಪಡೆದ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿತ್ತು. ಆ ಹತ್ತು ವರ್ಷ ತನ್ನ ಮನೆ ಕಾನೂನಿನ ಒಳಗಿದೆಯೋ ಹೊರಗಿದೆಯೋ ತಿಳಿಯದೆ ಕಾದವನ ಪಾಡು ಹಯೆಕ್‌ನ ವಾದಕ್ಕೆ ತಕ್ಕ ನಿದರ್ಶನ. ಅದನ್ನು ಎತ್ತಿ ಆಡಬೇಕಾದವರು ಆಡಲಿಲ್ಲ.

ಹಾಗಾದರೆ ಅನುಮತಿಯ ವ್ಯವಸ್ಥೆಯನ್ನೇ ತೆಗೆದುಹಾಕಿ ಎಂದು ಲಿಬರ್ಟೇರಿಯನ್ನರು ಹೇಳಬಹುದು. ಆದರೆ ಉತ್ತರಹಳ್ಳಿಯಲ್ಲಿ ದೊರೆಕೆರೆಯಿದೆ, ಪಕ್ಕದಲ್ಲೇ ಸುಬ್ರಹ್ಮಣ್ಯಪುರದ ಕೆರೆಯಿದೆ. ಕೆರೆಯಿಂದ ಕೆರೆಗೆ ನೀರು ಹರಿಯುವ ರಾಜಕಾಲುವೆಯನ್ನು ಮೇಲ್ಭಾಗದವನೊಬ್ಬ ತನ್ನ ಬೇಲಿಯೊಳಗೆ ಸೇರಿಸಿ ಮುಚ್ಚಿದರೆ ಮಳೆ ನೀರು ನುಗ್ಗುವುದು ಕೆಳಗಿನ ಮನೆಗೆ. ಆ ಇಬ್ಬರ ನಡುವೆ ಯಾವ ಒಪ್ಪಂದವೂ ಇಲ್ಲ. ಕಾಲುವೆಯ ಎಲ್ಲೆ ಯಾವುದೆಂದು ಹೇಳುವುದು ಸರ್ವೆ ಇಲಾಖೆಯ ನಕ್ಷೆ, ಅದೂ ಸರ್ಕಾರದ್ದೇ. ಆಸ್ತಿಯ ಮೂಲವೂ ಅಷ್ಟೆ. ರಾಜ್ಯದ ಎಷ್ಟೋ ಜಮೀನುಗಳ ಮೂಲಪತ್ರ ಹುಡುಕುತ್ತ ಹೋದರೆ 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿದಾರನಿಗೆ ಒಡೆತನ ಕೊಟ್ಟ ಭೂ ನ್ಯಾಯಮಂಡಳಿಯ ಆದೇಶ ಎದುರಾಗುತ್ತದೆ. ಅದೇ ವರ್ಷ ಲಿಬರ್ಟೇರಿಯನ್ ಚಿಂತಕ ರಾಬರ್ಟ್ ನೋಜಿಕ್‌ನ ‘ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ’ ಪ್ರಕಟವಾಯಿತು. ಹಿಂದೆ ಅನ್ಯಾಯವಾಗಿ ಪಡೆದ ಆಸ್ತಿಯನ್ನು ಸರಿಪಡಿಸಲೇಬೇಕು ಎಂಬ ತತ್ವ ಅದರಲ್ಲೇ ಇದೆ. ಅಂದಿನ ಮುಖ್ಯಮಂತ್ರಿ ದೇವರಾಜ ಅರಸು ತಂದ ಆ ಭೂಸುಧಾರಣೆಯನ್ನು ಬರಿಯ ಕಸಿದುಕೊಳ್ಳುವಿಕೆ ಎನ್ನುವ ನೋಜಿಕ್‌ನ ಇಲ್ಲಿನ ಶಿಷ್ಯರು ಆ ಪುಟಗಳಿಗೆ ಉತ್ತರ ಕೊಡಬೇಕು.

2025ರಲ್ಲಿ ಬಿ ಖಾತೆಯನ್ನು ಪೂರ್ಣ ಮಾನ್ಯತೆಯ ಎ ಖಾತೆಗೆ ಬದಲಿಸುವ ಯೋಜನೆ ಬಂದಾಗ ಮಾರ್ಗಸೂಚಿ ದರದ ಮೇಲಿನ ಶುಲ್ಕ ಹೆಚ್ಚಾಯಿತೇ ಎಂಬ ಚರ್ಚೆಯೇ ಹೆಚ್ಚು ನಡೆಯಿತು. ಅರ್ಜಿಗೆ ಇಷ್ಟು ದಿನದಲ್ಲಿ ಉತ್ತರ ಸಿಗದಿದ್ದರೆ ಯಾರು ಹೊಣೆ? ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕೇ? ಇನ್ನು ಮುಂದೆ ತೆರಿಗೆ ಪಡೆದು ಹಕ್ಕು ನಿರಾಕರಿಸುವ ಮತ್ತೊಂದು ವಹಿ ತೆರೆಯದಂತೆ ಕಾನೂನು ಸರ್ಕಾರವನ್ನು ಕಟ್ಟಿಹಾಕುತ್ತದೆಯೇ? ಲಿಬರ್ಟೇರಿಯನ್ನರಿಂದ ನಾನು ಕೇಳಬಯಸುವುದು ಈ ಪ್ರಶ್ನೆಗಳನ್ನು.