ದುಡ್ಡು ಕೊಟ್ಟವನೇ ಕೃಷ್ಣ

ರಂಗಮಂದಿರಕ್ಕೆ ಸರ್ಕಾರದ ದುಡ್ಡು ಯಾಕೆ ಅಂತ ಮಂಡ್ಯ ಸೀಮೆಯಲ್ಲಿ ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಕೊಡೋದು ಸುಲಭವಲ್ಲ. ಕಬ್ಬಿನ ಬಾಕಿ, ವಿ.ಸಿ. ನಾಲೆಗೆ ನೀರು ಬಿಡುವ ದಿನ, ಮೈಷುಗರ್ ಚಿಮಣಿಯಲ್ಲಿ ಹೊಗೆ ಕಾಣುತ್ತೋ ಇಲ್ಲವೋ, ಇವು ಇಲ್ಲಿನ ದೊಡ್ಡ ಪ್ರಶ್ನೆಗಳು. 1933ರಲ್ಲಿ ಹುಟ್ಟಿದ ಆ ಕಾರ್ಖಾನೆ ನಿಂತು, ಕುಂಟಿ, 2022ರಲ್ಲಿ ಮತ್ತೆ ಕಬ್ಬು ಅರೆಯೋಕೆ ಹೊರಟಾಗ ಜನ ಅರ್ಧ ಉಸಿರು ಬಿಟ್ಟರು, ಇನ್ನರ್ಧ ಇನ್ನೂ ಹಿಡಿದುಕೊಂಡೇ ಇದ್ದಾರೆ. ಅಂಥ ಕಡೆ ನಿಂತು "ನಮಗೊಂದು ಒಳ್ಳೇ ರಂಗಮಂದಿರ ಬೇಕು, ಬಜೆಟ್ಟಲ್ಲಿ ದುಡ್ಡಿಡಿ" ಅಂದರೆ, "ಮೊದ್ಲು ಬಾಕಿ ಕೊಡ್ಸಪ್ಪ, ಆಮ್ಯಾಕೆ ಕುಣಿಯವ" ಅನ್ನೋ ಮಾತು ಬಂದೇ ಬರುತ್ತೆ. ಹೊಳಲಿನ ಟೀ ಅಂಗಡಿ ಮುಂದೆ ನಾನೇ ಈ ಮಾತನ್ನ ಎಷ್ಟು ಸಲ ಕೇಳಿದ್ದೀನೋ.

ತಮಾಷೆ ಏನು ಗೊತ್ತಾ? ಹಾಗೆ ಅಂದವರೇ ಕಳೆದ ವರ್ಷ ದುರ್ಯೋಧನನ ಪಾತ್ರಕ್ಕೆ ಕೈಯಿಂದ ದುಡ್ಡು ಕಟ್ಟಿ ಬಣ್ಣ ಹಚ್ಚಿದ್ದವರು.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಸ್ವಲ್ಪ ಹೇಳ್ತೀನಿ. ನಮ್ಮ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡಬೇಕು ಅಂತ ನಾಲ್ಕು ಜನಕ್ಕೆ ಅನಿಸಿದರೆ ಮೊದಲು ಹುಡುಕೋದು ಹಾರ್ಮೋನಿಯಂ ಮೇಷ್ಟ್ರನ್ನ. ಮೇಷ್ಟ್ರು ಬಂದು ದೇವಸ್ಥಾನದ ಜಗಲಿಯಲ್ಲೋ ಯಾರದೋ ಖಾಲಿ ಮನೆಯಲ್ಲೋ ಕೂತು, ರಾತ್ರಿ ಊಟ ಆದಮೇಲೆ ಪ್ರಾಕ್ಟೀಸು ಶುರು ಮಾಡ್ತಾರೆ. ಕೆಲವು ತಿಂಗಳು ಹಿಡಿಯುತ್ತೆ. ಹೊಲದಲ್ಲಿ ದುಡಿದು ಬಂದವರು ಮಟ್ಟು, ಕಂದಪದ್ಯ, ಮಾತು ಎಲ್ಲ ಬಾಯಿಪಾಠ ಮಾಡ್ತಾರೆ. ಖರ್ಚನ್ನ ಪಾತ್ರಧಾರಿಗಳೇ ಹೊರಬೇಕು. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಕರ್ಣ, ಭೀಮ, ಅರ್ಜುನರಿಗೆ ಇಷ್ಟು, ವಿದುರ-ಸಾತ್ಯಕಿಗಳಿಗೆ ಕಮ್ಮಿ. ದ್ರೌಪದಿ, ಕುಂತಿ, ಉತ್ತರೆಯರನ್ನ ಹೊರಗಿನಿಂದ ಕರೆಸಬೇಕು, ಅವರ ಸಂಭಾವನೆ ಬೇರೆ. ಸೀನರಿ, ಡ್ರೆಸ್ಸು, ಲೈಟು, ಮೈಕು, ಶಾಮಿಯಾನ, ಕರಪತ್ರ, ನೆಂಟರಿಗೆ ಊಟ. ಕೂಡಿದರೆ ಒಂದು ರಾತ್ರಿಯ ನಾಟಕದ ಲೆಕ್ಕ ಲಕ್ಷಗಳಿಗೆ ಹೋಗುತ್ತೆ. ಎಲ್ಲೂ ಸರ್ಕಾರದ ಒಂದು ರೂಪಾಯಿ ಇಲ್ಲ, ಟಿಕೆಟ್ ಇಲ್ಲ, ಪ್ರಾಯೋಜಕರೂ ಇಲ್ಲ. ಕರಪತ್ರದ ಮೂಲೆಯಲ್ಲಿ ಫೋಟೋ ಹಾಕಿಸಿಕೊಂಡ ಒಬ್ಬಿಬ್ಬರು ಮುಖಂಡರು ಕೊಟ್ಟ ಅಷ್ಟಿಷ್ಟು ಬಿಟ್ಟರೆ.

ಬೆಂಗಳೂರಿನ ಗೆಳೆಯರಿಗೆ ಇದನ್ನ ಹೇಳಿದರೆ ನಂಬೋದೇ ಇಲ್ಲ. ನಟನಿಗೆ ದುಡ್ಡು ಕೊಡೋದು ಕೇಳಿದ್ದೀವಿ, ನಟನೇ ದುಡ್ಡು ಕೊಡೋದಾ ಅಂತ. ಹೌದು ಸ್ವಾಮಿ. ನಾಟಕ ನೋಡೋಕೆ ಜನ ಬರಲ್ಲ ಅಂತ ಸೆಮಿನಾರು ಮಾಡುವ ನಾಡಿನಲ್ಲಿ, ನಾಟಕ ಆಡೋಕೆ ಸರದಿ ನಿಂತಿರುವ ಜಿಲ್ಲೆ ನಮ್ಮದು. ಗುಬ್ಬಿ ಕಂಪನಿ ಆನೆ ಕುದುರೆಗಳನ್ನ ರಂಗದ ಮೇಲೆ ತಂದು 'ಕುರುಕ್ಷೇತ್ರ' ಆಡಿದ ಕಾಲ ಹೋಯಿತು, ಮಳವಳ್ಳಿ ಸುಂದರಮ್ಮನವರಂಥ ನಟಿಯರ ಕಾಲವೂ ಹೋಯಿತು. ಕಂಪನಿಗಳ ಡೇರೆ ಒಂದೊಂದಾಗಿ ಎದ್ದವು. ಆದರೆ ಆ ಕಂಪನಿಗಳ ಮಟ್ಟುಗಳು ನಮ್ಮ ಕಬ್ಬಿನ ಗದ್ದೆಗಳಲ್ಲಿ ಇನ್ನೂ ಕೇಳ್ತವೆ.

ಹಾಗಾದರೆ ಸರ್ಕಾರದ ದುಡ್ಡು ಯಾತಕ್ಕೆ, ಜನರೇ ನೋಡಿಕೊಳ್ತಿದ್ದಾರಲ್ಲ ಅಂತ ನೀವು ಕೇಳಬಹುದು. ಇಲ್ಲೇ ನನ್ನ ತಕರಾರು ಶುರುವಾಗೋದು.

ಪಾತ್ರಕ್ಕೆ ಬೆಲೆ ಕಟ್ಟಿದ ಮೇಲೆ ದುಡ್ಡು ಕೊಟ್ಟವನೇ ಕೃಷ್ಣ. ಕಂಠ ಇರಲಿ ಇಲ್ಲದಿರಲಿ, ತಾಳ ತಪ್ಪಲಿ, ಪೀತಾಂಬರ ಹೊಟ್ಟೆಯ ಮೇಲಿಂದ ಜಾರಲಿ, ಕೊಳಲು ಅವನ ಕೈಗೇ. ಇಬ್ಬರು ಮೂವರು ಕೃಷ್ಣನ ಪಾತ್ರವೇ ಬೇಕು ಅಂತ ಹಠ ಹಿಡಿದರೆ ಅದಕ್ಕೂ ದಾರಿ ಇದೆ: ಮೊದಲ ಸೀನಿಗೊಬ್ಬ, ಸಂಧಾನಕ್ಕೊಬ್ಬ, ಯುದ್ಧಕ್ಕೊಬ್ಬ. ಕರಪತ್ರದಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಅಚ್ಚು ಹಾಕಿಸ್ತಾರೆ. ನಗಬೇಡಿ, ನೋಡೋರಿಗೆ ಇದು ಅಭ್ಯಾಸ ಆಗಿದೆ. ಒಬ್ಬ ಒಳಗೆ ಹೋಗಿ ಇನ್ನೊಬ್ಬ ಬಂದರೂ ಜನ ಅದೇ ಭಕ್ತಿಯಿಂದ ಹಾರ ಹಾಕ್ತಾರೆ.

ನಗು ಬರದೇ ಇರೋದು ಇನ್ನೊಂದು ಕಡೆ. ನಮ್ಮ ಕಡೆ ಒಬ್ಬ ಹುಡುಗ ಇದ್ದಾನೆ, ಗಾರೆ ಕೆಲಸ ಮಾಡ್ತಾನೆ. ಪ್ರಾಕ್ಟೀಸು ನಡೆಯೋ ಮನೆಯ ಬಾಗಿಲಲ್ಲಿ ಕೂತು ಕೂತೇ ಇಡೀ ನಾಟಕ ಕಲಿತವನು. ಕೃಷ್ಣನ ಹಾಡು, ದುರ್ಯೋಧನನ ಮಾತು, ಶಕುನಿಯ ನಗು, ಯಾವುದನ್ನ ಕೇಳಿದರೂ ಹೇಳ್ತಾನೆ. ಮೇಲಿನ ಸ್ಥಾಯಿಯಲ್ಲಿ ಅವನ ದನಿ ನಿಲ್ಲೋದನ್ನ ಕೇಳಿದರೆ ಮೈ ಜುಮ್ಮನ್ನುತ್ತೆ. ಮೇಷ್ಟ್ರೇ ಹೇಳಿದರು, "ಇವನ ಗಂಟಲು ನನ್ನ ಹತ್ರ ಇರೋ ಯಾರಿಗೂ ಇಲ್ಲ ಕಣ್ರಿ" ಅಂತ. ಆದರೂ ಮೂರು ನಾಟಕದಲ್ಲಿ ಅವನಿಗೆ ಸಿಕ್ಕಿದ್ದು ದ್ವಾರಪಾಲಕನ ಪಾತ್ರ. ದ್ವಾರಪಾಲಕನಿಗೆ ದುಡ್ಡು ಕಟ್ಟಬೇಕಿಲ್ಲ. "ಪ್ರಭು, ವಿದುರರು ಬಂದಿದ್ದಾರೆ" ಅನ್ನಬೇಕು, ಪಕ್ಕಕ್ಕೆ ಸರಿಯಬೇಕು. ಯಾರಾದರೂ ಕೃಷ್ಣ ಪದ ಮರೆತರೆ ಸೈಡ್ ವಿಂಗಿನಿಂದ ಹೇಳಿಕೊಡೋದೂ ಅವನೇ. ಊರಿನಲ್ಲಿ ಯಾರೂ ಅವನಿಗೆ ಬೇಡ ಅಂದಿಲ್ಲ. "ದುಡ್ಡು ಕಟ್ಟಲಾ, ಆಡು" ಅಂದರು, ಅಷ್ಟೆ.

ಹೆಣ್ಣುಮಕ್ಕಳ ಮಾತು ಎತ್ತೋದೇ ಬೇಡ. ಹೊರಗಿನಿಂದ ಬಂದ ದ್ರೌಪದಿಗೆ ಶಿಳ್ಳೆ ಹೊಡೆಯುವ ಊರು, ಊರಿನ ಹುಡುಗಿ ದ್ರೌಪದಿ ಆಡ್ತೀನಿ ಅಂದರೆ ಏನನ್ನುತ್ತೆ ಅಂತ ನಿಮಗೂ ಗೊತ್ತು.

ಸಾರ್ವಜನಿಕ ಹಣ ಬೇಕಾಗಿರೋದು ಈ ಹುಡುಗನಿಗೆ, ಬರಲಾಗದ ಆ ಹುಡುಗಿಗೆ. ಹವ್ಯಾಸಕ್ಕೆ ಸರ್ಕಾರ ಯಾಕೆ ದುಡ್ಡು ಕೊಡಬೇಕು ಅನ್ನುವವರಿಗೆ ನನ್ನ ಉತ್ತರ ಇಷ್ಟೆ: ಹವ್ಯಾಸಕ್ಕೆ ಕೊಡೋದು ಬೇಡ, ಕೈಯಲ್ಲಿ ಕಾಸಿಲ್ಲದವನಿಗೂ ರಂಗ ಹತ್ತುವ ಮೆಟ್ಟಿಲಿಗೆ ಕೊಡಿ. ನಾಲೆ ನೀರನ್ನ ಹರಾಜು ಹಾಕಿ ಹೆಚ್ಚು ಕೂಗಿದವನ ಗದ್ದೆಗೆ ಬಿಡ್ತೀವಿ ಅಂದರೆ ಮಂಡ್ಯದಲ್ಲಿ ರಸ್ತೆ ತಡೆ ಆಗುತ್ತೆ. ಪಾತ್ರವನ್ನ ಮಾತ್ರ ನಾವು ಹಾಗೇ ಹಂಚಿಕೊಳ್ತಿದ್ದೀವಿ.

ಆದರೆ ರಂಗಮಂದಿರದ ಪರ ಮಾತಾಡುವವರು ಈ ಹುಡುಗನ ಹೆಸರಲ್ಲಿ ಕೇಳೋದೇ ಇಲ್ಲ. ಅವರು ಕೇಳೋದು ಕಟ್ಟಡ. ಹವಾನಿಯಂತ್ರಿತ, ಇಷ್ಟು ಆಸನ, ಇಷ್ಟು ಕೋಟಿ, ಶಿಲಾನ್ಯಾಸ. ವಿರೋಧಿಸುವವರೂ ಅದೇ ಕೋಟಿಯ ಅಂಕಿ ಹಿಡಿದುಕೊಂಡು, ಇದರಲ್ಲಿ ಎಷ್ಟು ಕಿಲೋಮೀಟರ್ ರಸ್ತೆ ಆಗ್ತಿತ್ತು ಅಂತ ಲೆಕ್ಕ ಹಾಕ್ತಾರೆ. ಇಬ್ಬರ ವಾದವೂ ಗೋಡೆ ಎದ್ದು ನಿಂತ ದಿನಕ್ಕೆ ಮುಗಿದುಹೋಗುತ್ತೆ. ಮಾರನೇ ದಿನ ಬೀಗ ತೆಗೆಯೋರು ಯಾರು? ಕರೆಂಟ್ ಬಿಲ್ಲು ಯಾರ ತಲೆ ಮೇಲೆ? ಸುಟ್ಟ ಲೈಟು ಬದಲಾಯಿಸೋಕೆ ಯಾವ ಇಲಾಖೆಗೆ ಪತ್ರ ಬರೀಬೇಕು? ಇದರ ಬಗ್ಗೆ ಜಗಳ ಆಡಿದವರನ್ನ ನಾನು ಕಂಡಿಲ್ಲ. ಹಳ್ಳಿ ಹಳ್ಳಿಯಲ್ಲಿ ಎದ್ದಿರುವ ಸಮುದಾಯ ಭವನಗಳನ್ನೇ ನೋಡಿ. ಮದುವೆ, ತಿಥಿ, ಚುನಾವಣೆ ಬಿಟ್ಟರೆ ಉಳಿದ ದಿನ ಒಳಗೆ ಶಾಮಿಯಾನದ ಕಂಬಗಳು ಮಲಗಿರ್ತವೆ.

ಲೆಕ್ಕ ತಪ್ಪೋದು ನಮ್ಮಲ್ಲಿ ಮಾತ್ರ ಅಂತೇನಿಲ್ಲ. ಸಿಡ್ನಿಯ ಅಪೆರಾ ಹೌಸಿಗೆ ಮೊದಲು ಹಾಕಿದ್ದ ಅಂದಾಜು 70 ಲಕ್ಷ ಡಾಲರ್. 1973ರಲ್ಲಿ ಬಾಗಿಲು ತೆರೆಯುವಾಗ ಅದು 10 ಕೋಟಿ 20 ಲಕ್ಷ ಆಗಿತ್ತು. ಬಹುಪಾಲು ಹಣವನ್ನ ಅವರು ಎತ್ತಿದ್ದು ಲಾಟರಿಯಿಂದ. ಹತ್ತಾರು ವರ್ಷ ಬೈದುಕೊಂಡೇ ಕಟ್ಟಿದರು. ಆದರೆ ಕಟ್ಟಿ ಬೀಗ ಹಾಕಲಿಲ್ಲ.

ನಮ್ಮಲ್ಲಿ ಸರ್ಕಾರ ಕಟ್ಟಿದ ದೊಡ್ಡ ರಂಗಮಂದಿರ ಅಂದರೆ ಮೊದಲು ನೆನಪಾಗೋದು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ. ಟ್ಯಾಗೋರರ ಜನ್ಮಶತಮಾನೋತ್ಸವದ ನೆಪದಲ್ಲಿ ದೇಶದ ಬೇರೆ ಬೇರೆ ರಾಜಧಾನಿಗಳಲ್ಲಿ ಎದ್ದ ಕಟ್ಟಡಗಳ ಪೈಕಿ ಅದೂ ಒಂದು. 1963ರಲ್ಲಿ ಶುರುವಾಯಿತು. ಕನ್ನಡ ರಂಗಭೂಮಿಗೆ ಅದು ಮಾಡಿದ ಉಪಕಾರ ಸಣ್ಣದಲ್ಲ. ಆದರೂ 1972ರಲ್ಲಿ ಬಿ.ವಿ. ಕಾರಂತರು 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ಆಡಿಸಿದಾಗ ಆ ಚಿತ್ರಚೌಕಟ್ಟಿನ ವೇದಿಕೆ ಬಿಟ್ಟು ಹಿಂದುಗಡೆಯ ಬಯಲಿಗೆ ಬಂದರು. ಆಧುನಿಕ ಕನ್ನಡ ನಾಟಕ ತಿರುಗಿದ್ದು ಆ ಬಯಲಲ್ಲಿ ಅಂತ ಹೇಳೋರಿದ್ದಾರೆ. ಈಗ ಅದು ಸಂಸ ಬಯಲು ರಂಗಮಂದಿರ.

ಅದೇ 1972ರಲ್ಲಿ ಇತ್ತ ಮಲೆನಾಡಿನ ಹೆಗ್ಗೋಡಿನಲ್ಲಿ ನೀನಾಸಂನ ಶಿವರಾಮ ಕಾರಂತ ರಂಗಮಂದಿರ ಎದ್ದಿತು. ಹೆಗ್ಗೋಡು ಅಂದರೆ ಅಡಿಕೆ ತೋಟಗಳ ನಡುವಿನ ಹಳ್ಳಿ, ನಮ್ಮ ಹೊಳಲಿಗಿಂತ ದೊಡ್ಡದೇನಲ್ಲ. ಅದಕ್ಕೂ ಸರ್ಕಾರದ ಅನುದಾನ ಸಿಕ್ಕಿತ್ತು. ಆದರೆ ನೀನಾಸಂ ಹುಟ್ಟಿದ್ದು 1949ರಲ್ಲಿ ಅನ್ನೋದನ್ನ ಮರೀಬಾರದು. ಇಪ್ಪತ್ತಮೂರು ವರ್ಷ ನಾಟಕ ಆಡಿದ ಮೇಲೆ ಅವರಿಗೆ ಸೂರು ಬಂತು. ಆಮೇಲೆ 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ಕೆ.ವಿ. ಸುಬ್ಬಣ್ಣನವರಿಗೆ ಮೊದಲು ತಂಡ, ಆಮೇಲೆ ಗೋಡೆ, ಅದರ ಬೆನ್ನಿಗೇ ಕಲಿಸುವ ಮೇಷ್ಟ್ರು. 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಬಾಗಿಲು ತೆರೆದ ರಂಗಶಂಕರದ ಕತೆಯೂ ಸ್ವಲ್ಪ ಹೀಗೇ. ಜಾಗ ಸರ್ಕಾರದ್ದು, ಹಣ ನಾನಾ ಕಡೆಯಿಂದ ಅರುಂಧತಿ ನಾಗ್ ಮತ್ತು ಅವರ ಜೊತೆಯವರು ಎತ್ತಿದ್ದು. ಅಲ್ಲಿ ನನಗೆ ಹಿಡಿಸಿದ್ದು ಕಟ್ಟಡ ಅಲ್ಲ, ನಿಯಮ. ನಾಟಕಕ್ಕೆ ಮಾತ್ರ ಜಾಗ, ತಂಡಗಳಿಗೆ ಕಮ್ಮಿ ಬಾಡಿಗೆ, ಶುರುವಾದ ಮೇಲೆ ಯಾರೇ ಬಂದರೂ ಬಾಗಿಲು ತೆಗೆಯಲ್ಲ. ಮಂತ್ರಿಗಳು ಬರೋ ತನಕ ಕಾಯುವ ನಮ್ಮ ಜಿಲ್ಲೆಯಲ್ಲಿ ಆ ಒಂದು ನಿಯಮ ತರೋಕೆ ಎಷ್ಟು ಕೋಟಿ ಬೇಕು ಹೇಳಿ?

ಮಂಡ್ಯದಲ್ಲಿ ಏನೂ ಇಲ್ಲ ಅಂತ ನಾನು ಅಳ್ತಿಲ್ಲ. ಕಲಾಮಂದಿರ ಇದೆ. ಹಳ್ಳಿಯವರ 'ಕುರುಕ್ಷೇತ್ರ' ಅಲ್ಲೂ ಮೇಲಿಂದ ಮೇಲೆ ನಡೆಯುತ್ತೆ. ಊರ ಬಯಲಿಗಿಂತ ಕಲಾಮಂದಿರದಲ್ಲಿ ಆಡಿದೆ ಅಂದರೆ ಅದಕ್ಕೊಂದು ತೂಕ. ಕರ್ನಾಟಕ ಸಂಘದವರು ಕೆ.ವಿ. ಶಂಕರಗೌಡರ ಹೆಸರಲ್ಲಿ ಭವನ ನಡೆಸ್ತಾರೆ, ರಂಗಪ್ರಶಸ್ತಿ ಕೊಡ್ತಾರೆ. ಶಂಕರಗೌಡರು ಇಲ್ಲಿ ಶಿಕ್ಷಣ ಸಂಸ್ಥೆಗಳನ್ನ ಕಟ್ಟಿದ ರಾಜಕಾರಣಿ, ಜೊತೆಗೆ ನಾಟಕದ ಹುಚ್ಚಿದ್ದವರು. ಅಂಥ ಹುಚ್ಚಿರುವ ರಾಜಕಾರಣಿಗಳ ಬೆಳೆ ಈಗ ಬರ್ತಿಲ್ಲ ಅನ್ನೋದು ಬೇರೆ ಮಾತು. ನಾಗಮಂಗಲ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು ಜಾನಪದ ಲೋಕ ಕಟ್ಟೋಕೆ ರಾಮನಗರದ ಹತ್ತಿರ ಹೋದರು. ಹೆದ್ದಾರಿ ಪಕ್ಕದ ಆ ಜಾಗಕ್ಕೆ ಇವತ್ತಿಗೂ ಜನ ಬರ್ತಾರೆ, ಅಲ್ಲಿ ನಿತ್ಯ ನೋಡಿಕೊಳ್ಳೋರು ಇದ್ದಾರೆ ಅನ್ನೋ ಕಾರಣಕ್ಕೆ.

ದುಡ್ಡಿಲ್ಲ ಅನ್ನೋ ಮಾತನ್ನ ಮಾತ್ರ ನಾನು ಒಪ್ಪಲ್ಲ. 2024ರ ಡಿಸೆಂಬರ್ 20ರಿಂದ 22ರವರೆಗೆ ಇದೇ ಮಂಡ್ಯದಲ್ಲಿ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಕೋಟಿಗಳ ಲೆಕ್ಕದಲ್ಲಿ ಸರ್ಕಾರ ದುಡ್ಡು ಕೊಟ್ಟಿತು. 1974, 1994ರ ನಂತರ ಮೂರನೇ ಸಲ ನಮ್ಮೂರಿಗೆ ಬಂದ ಹಬ್ಬ, ನಾನೂ ಮೂರು ದಿನ ಧೂಳು ಕುಡಿದು ಓಡಾಡಿದೆ, ಪುಸ್ತಕ ಕೊಂಡೆ. ಬೇಡವಿತ್ತು ಅನ್ನಲ್ಲ. ಆದರೆ ಆ ತಿಂಗಳು ಜಿಲ್ಲೆಯಲ್ಲಿ ನಡೆದ ದೊಡ್ಡ ಚರ್ಚೆ ಯಾವುದು? ಬಾಡೂಟ ಹಾಕಬೇಕೋ ಬೇಡವೋ ಅನ್ನೋದು. ಆ ಜಗಳಕ್ಕೂ ಅರ್ಥ ಇತ್ತು, ಯಾರ ಊಟ ಸಂಸ್ಕೃತಿ ಅನ್ನೋ ಪ್ರಶ್ನೆ ಅದರಲ್ಲಿತ್ತು. ಯಾರ ನಾಟಕ ಸಂಸ್ಕೃತಿ ಅಂತಲೂ ಅದೇ ಬಿಸಿಯಲ್ಲಿ ಕೇಳಬಹುದಿತ್ತು. ಪೆಂಡಾಲು ಬಿಚ್ಚಿದ ಮೇಲೆ ಜಿಲ್ಲೆಯ ರಂಗದ ಪಾಲಿಗೆ ಏನು ಉಳೀತು ಅಂತ ಯಾರೂ ಕೇಳಲಿಲ್ಲ.

ಪೌರಾಣಿಕ ನಾಟಕ ಅಂದರೆ ಮೂಗು ಮುರಿಯುವ ನಮ್ಮ ವಿಚಾರವಂತರ ಮೇಲೂ ನನಗೆ ಸಿಟ್ಟಿದೆ. ಅದು ಕಿರುಚಾಟ, ಹಳೇ ಸರಕು, ಅದಕ್ಕೆ ಸಾರ್ವಜನಿಕ ಹಣ ಯಾಕೆ ಅಂತಾರೆ. ಕಿರುಚಾಟ ಇದೆ, ಒಪ್ಪಿದೆ. ಮೈಕು ಬಾಯಿಗೆ ಸಿಕ್ಕಿಸಿಕೊಂಡು ಒಂದೇ ಜಾಗದಲ್ಲಿ ನಿಂತು ಹಾಡುವ ಅರ್ಜುನನನ್ನ ನೋಡಿ ನನಗೂ ಬೇಜಾರಾಗಿದೆ. ಆದರೆ ಹೊಸ ನಾಟಕ ಬೇಕು ಅನ್ನುವವರು ಆಡೋರನ್ನ ಎಲ್ಲಿಂದ ತರ್ತಾರೆ? ರಾತ್ರಿ ಹನ್ನೊಂದಕ್ಕೆ ಕೂತು ನೂರಾರು ಸಾಲು ಬಾಯಿಪಾಠ ಮಾಡುವ ಇಷ್ಟು ಜನ ಇನ್ನೆಲ್ಲಿ ಸಿಗ್ತಾರೆ? ಹೆಗ್ಗೋಡು ತಂಡ ಕಟ್ಟೋಕೆ ಇಪ್ಪತ್ತಮೂರು ವರ್ಷ ತಗೊಂಡಿತು. ನಮ್ಮಲ್ಲಿ ತಂಡ ಊರೂರಿಗೂ ಇದೆ.

ಹಾಗಾಗಿ ಮುಂದಿನ ಸಲ ಜಿಲ್ಲೆಗೋ ತಾಲ್ಲೂಕಿಗೋ ರಂಗಮಂದಿರ ಅಂತ ಅಂದಾಜುಪಟ್ಟಿ ಬಂದಾಗ ನಾನು ಹುಡುಕೋದು ಕೊನೇ ಪುಟ. ಸಿಮೆಂಟು, ಕಬ್ಬಿಣ, ಕುರ್ಚಿ ಎಲ್ಲ ಆದಮೇಲೆ ವರ್ಷ ವರ್ಷದ ಖರ್ಚು ಅಂತ ಒಂದು ಸಾಲು ಇರಬೇಕು. ಅದರಲ್ಲಿ ಒಬ್ಬ ರಂಗ ವ್ಯವಸ್ಥಾಪಕರ ಸಂಬಳ, ಇಬ್ಬರು ಹಾರ್ಮೋನಿಯಂ ಮೇಷ್ಟ್ರ ಸಂಬಳ. ಬಡವರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ದುಡ್ಡಿಲ್ಲದೆ ಸಂಜೆ ಪಾಠ. ಹಳ್ಳಿ ತಂಡಕ್ಕೆ ಬಾಡಿಗೆ ಕಮ್ಮಿ ಮಾಡಿದರೆ ಒಂದು ಷರತ್ತು: ದೊಡ್ಡ ಪಾತ್ರಗಳಲ್ಲಿ ಒಂದನ್ನಾದರೂ ಮೇಷ್ಟ್ರು ಕಂಠ ನೋಡಿ ಕೊಡಬೇಕು, ಕಾಸು ನೋಡಿ ಅಲ್ಲ. ಇದಕ್ಕೆಲ್ಲ ಕಟ್ಟಡದ ಮುಂದೆ ಎಷ್ಟು ಮಹಾ ದುಡ್ಡಾದೀತು? ಕೋಟಿಗಳಲ್ಲಂತೂ ಅಲ್ಲ. ಕಟ್ಟಡ ಎರಡು ವರ್ಷ ತಡ ಆದರೂ ಪರವಾಗಿಲ್ಲ. ಸಂಜೆ ಪಾಠವನ್ನ ಊರ ಶಾಲೆಯ ಜಗಲಿಯಲ್ಲಿ, ಇರುವ ಸಮುದಾಯ ಭವನದಲ್ಲಿ, ಶಾಮಿಯಾನದ ಕಂಬ ಪಕ್ಕಕ್ಕೆ ಸರಿಸಿ ಈ ವರ್ಷವೇ ಶುರು ಮಾಡಬಹುದು.

ಟೀ ಅಂಗಡಿಯವರ ಮುಂದೆ ಇದನ್ನೇ ಹೇಳಿದೆ. ಬಾಕಿ ಕೊಡಿಸು ಅಂದವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬರು ಕೇಳಿದರು: "ಅಂಗಾರೆ ಈ ಸಲ ಕೃಷ್ಣನ ಪಾತ್ರಕ್ಕೆ ನಾನು ಕೊಟ್ಟಿರೋ ಅಡ್ವಾನ್ಸು?"